ಮೆಟ್ಟೂರಿನಿಂದ ಬಿಎ ಸೇರುವವರಿಗೆ: ಯಾವ ಅಂಕ ಎಲ್ಲಿ ಲೆಕ್ಕಕ್ಕೆ?

ಪ್ಲಸ್ ಟು ಫಲಿತಾಂಶ ಬಂದ ದಿನ ಮೆಟ್ಟೂರು, ಕೊಳತ್ತೂರು ಕಡೆಯ ಕನ್ನಡದ ಮನೆಗಳಲ್ಲೂ ಎಲ್ಲರೂ ಕೇಳುವುದು ಒಂದೇ: ‘600ಕ್ಕೆ ಎಷ್ಟು ಬಂತು?’ ಬಿಎ ಸೇರುವ ಮಕ್ಕಳಿಗೆ ಈ ಮೊತ್ತ ಅಷ್ಟು ಮುಖ್ಯವಲ್ಲ. ತಮಿಳುನಾಡಿನ ಸರ್ಕಾರಿ ಕಲಾ ಕಾಲೇಜುಗಳು ರ‍್ಯಾಂಕ್ ಪಟ್ಟಿ ಮಾಡುವಾಗ ಅಂಕಗಳನ್ನು ಬಿಡಿಸಿ ನೋಡುತ್ತವೆ.

ಪಟ್ಟಿಗಳು ಮೂರು. ಬಿಎ ತಮಿಳಿಗೆ ತಮಿಳಿನ 100 ಅಂಕ ಮಾತ್ರ, ಬಿಎ ಇಂಗ್ಲಿಷಿಗೆ ಇಂಗ್ಲಿಷಿನ 100 ಮಾತ್ರ. ಇತಿಹಾಸ, ಅರ್ಥಶಾಸ್ತ್ರದಂಥ ಉಳಿದ ವಿಷಯಗಳಿಗೆ ಭಾಷೆಗಳನ್ನು ಬಿಟ್ಟು ನಾಲ್ಕು ವಿಷಯಗಳ 400 ಅಂಕ. ಒಬ್ಬ ಹುಡುಗಿಗೆ ಇಂಗ್ಲಿಷಿನಲ್ಲಿ 91, ನಾಲ್ಕು ವಿಷಯ ಸೇರಿ 230 ಬಂದಿದೆ ಎಂದಿಟ್ಟುಕೊಳ್ಳಿ. ಇತಿಹಾಸದ ಪಟ್ಟಿಯಲ್ಲಿ ಅವಳು ಎಲ್ಲೋ ಕೆಳಗಿರುತ್ತಾಳೆ, ಇಂಗ್ಲಿಷ್ ಪಟ್ಟಿಯಲ್ಲಿ ಮೇಲಕ್ಕೆ ಬರುತ್ತಾಳೆ. ‘ಮಾರ್ಕು ಕಡಿಮೆ, ಸೀಟು ಸಿಗಲ್ಲ’ ಎಂದುಕೊಂಡು ಅರ್ಜಿಯನ್ನೇ ಹಾಕದೆ ಕೂರುವುದು ಇಂಥ ಮಕ್ಕಳೇ. ದಯವಿಟ್ಟು ಹಾಗೆ ಬಿಡಬೇಡಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಎರಡು ಭಾಷೆಯಲ್ಲಿ ಬೆಳೆದ ಮಕ್ಕಳಿಗೆ ಭಾಷೆಯ ಅಂಕವೇ ಬಲವಾಗಿರುವುದುಂಟು.

ಅರ್ಜಿ ಹಾಕುವುದು ಟಿಎನ್‌ಜಿಎಎಸ್‌ಎ ಜಾಲತಾಣದಲ್ಲಿ. ಅಲ್ಲಿಂದಲೇ ಒಂದಕ್ಕಿಂತ ಹೆಚ್ಚು ಸರ್ಕಾರಿ ಕಾಲೇಜುಗಳನ್ನು ಆರಿಸಿಕೊಳ್ಳಬಹುದು. ಕೌನ್ಸೆಲಿಂಗ್ ಮಾತ್ರ ಆಯಾ ಕಾಲೇಜಿನಲ್ಲೇ ನಡೆಯುತ್ತದೆ: ಮೊದಲು ಅಂಗವಿಕಲರು, ಕ್ರೀಡಾಪಟುಗಳು, ಮಾಜಿ ಸೈನಿಕರ ಮಕ್ಕಳಂಥ ವಿಶೇಷ ವರ್ಗ, ಆಮೇಲೆ ಸಾಮಾನ್ಯ ಸುತ್ತು. ಸೀಟುಗಳಲ್ಲಿ ಶೇಕಡಾ 69 ಮೀಸಲು. ಹಾಗಾಗಿ ಜಾತಿ ಪ್ರಮಾಣಪತ್ರಕ್ಕೆ ಫಲಿತಾಂಶದವರೆಗೆ ಕಾಯದೆ ಇ-ಸೇವೈ ಕೇಂದ್ರದಲ್ಲಿ ಮೊದಲೇ ಅರ್ಜಿ ಕೊಟ್ಟಿರಿ. ಸೇಲಂ, ಧರ್ಮಪುರಿ ಎರಡೂ ಜಿಲ್ಲೆಯ ಕಾಲೇಜುಗಳು 1997ರಲ್ಲಿ ಶುರುವಾದ ಪೆರಿಯಾರ್ ವಿಶ್ವವಿದ್ಯಾಲಯಕ್ಕೆ ಸೇರಿದವು. ಎಲ್ಲಿ ಓದಿದರೂ ಪದವಿ ಅದರದೇ ಆದ್ದರಿಂದ ಮನೆಗೆ ಹತ್ತಿರದ ಕಾಲೇಜು ಹಿಡಿಯಲು ಸಂಕೋಚ ಬೇಡ. 6ರಿಂದ 12ರವರೆಗೆ ಸರ್ಕಾರಿ ಶಾಲೆಯಲ್ಲೇ ಓದಿದ ಹುಡುಗಿಯರಿಗೆ 2022ರಿಂದ ‘ಪುದುಮೈ ಪೆಣ್’ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬರುತ್ತದೆ. ಹುಡುಗರಿಗೆ 2024ರಿಂದ ‘ತಮಿಳ್ ಪುದಲ್ವನ್’ ಇದೆ.

ಪಾಲಾರ್ ದಾಟಿ ಕೊಳ್ಳೇಗಾಲಕ್ಕೋ ಮೈಸೂರಿಗೋ ಹೋಗುವ ಆಸೆಯೂ ಕೆಲವರಿಗೆ ಇರುತ್ತದೆ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು, ನಂಟಸ್ತಿಕೆ ಇಂದಿಗೂ ಉಳಿದಿದೆ. ಆದರೆ ಅಲ್ಲಿನ ಬಿಎ ಸ್ವರೂಪವೇ ಬೇರೆ. ತಮಿಳುನಾಡಿನಲ್ಲಿ ಮೊದಲ ದಿನದಿಂದ ಒಂದೇ ಮುಖ್ಯ ವಿಷಯ, ಜೊತೆಗೆ ಪೂರಕ ವಿಷಯಗಳು. ಕರ್ನಾಟಕದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂಬಂತೆ ಮೂರು ವಿಷಯದಿಂದ ಶುರು. 2021ರಲ್ಲಿ ತಂದ ನಾಲ್ಕು ವರ್ಷದ ಪದವಿಯನ್ನು 2024-25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದಿದ್ದಾರೆ. ಯಾವ ವಿಷಯ ಹಿಡಿಯಲಿ ಎಂದು ಇನ್ನೂ ತೀರ್ಮಾನವಾಗದವರಿಗೆ ಈ ಮೂರರ ಪದ್ಧತಿಯೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಅಲ್ಲಿಗೆ ಹೋಗುವವರು ಎರಡು ವಿಷಯ ತಿಳಿದಿರಬೇಕು. ಬೇರೆ ರಾಜ್ಯದ ಮಂಡಳಿಯಲ್ಲಿ ಪಾಸಾದವರಿಂದ ವಲಸೆ ಪ್ರಮಾಣಪತ್ರ, ವಿಶ್ವವಿದ್ಯಾಲಯದ ಅರ್ಹತಾ ಪತ್ರ ಕೇಳುತ್ತಾರೆ. ತಮಿಳುನಾಡಿನ ಜಾತಿ ಪ್ರಮಾಣಪತ್ರಕ್ಕೆ ಕರ್ನಾಟಕದ ಮೀಸಲಾತಿ ಸಿಗುವುದಿಲ್ಲ. ಮನೆಮಾತು ಕನ್ನಡವಾದರೂ ಸಾಮಾನ್ಯ ವರ್ಗದಲ್ಲೇ ಸ್ಪರ್ಧಿಸಬೇಕು. ಮನೆಯವರು ಹಾಸ್ಟೆಲಿನ ಖರ್ಚನ್ನಷ್ಟೇ ಲೆಕ್ಕ ಹಾಕಿ ಇದನ್ನು ಮರೆಯುತ್ತಾರೆ.

ಕೇಂದ್ರೀಯ ವಿಶ್ವವಿದ್ಯಾಲಯಗಳದು ಮತ್ತೊಂದು ದಾರಿ. ತಿರುವಾರೂರು, ಕಲಬುರಗಿ ಎರಡೂ ಕಡೆ ಪದವಿ ಪ್ರವೇಶ 2022ರಿಂದ ಸಿಯುಇಟಿ ಪರೀಕ್ಷೆಯ ಮೂಲಕ. ತಮಿಳು, ಕನ್ನಡ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಅರ್ಜಿಯ ಗಡುವು ಸಾಮಾನ್ಯವಾಗಿ ಪ್ಲಸ್ ಟು ಫಲಿತಾಂಶಕ್ಕೆ ಮೊದಲೇ ಮುಗಿಯುತ್ತದೆ. ಆದ್ದರಿಂದ ಈ ದಾರಿ ಬೇಕೆನ್ನುವವರು ಹನ್ನೆರಡನೇ ತರಗತಿಯ ನಡುವಿನಲ್ಲೇ ಎಚ್ಚರವಾಗಿರಬೇಕು.

ಕನ್ನಡವನ್ನೇ ಓದಬೇಕೆನ್ನುವವರು ಚೆನ್ನೈಯನ್ನೂ ನೆನಪಿಡಿ: ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಹಳೆಯ ಕನ್ನಡ ವಿಭಾಗವಿದೆ. ಮಾತು ಬಂದು ಅಕ್ಷರ ಬಾರದ ಮಕ್ಕಳು ಬಿಎ ಮೂರು ವರ್ಷದಲ್ಲಿ ಮನೆಯಲ್ಲೇ ಓದುಬರಹ ಕಲಿತುಕೊಂಡರೆ, ಎಂಎ ಹೊತ್ತಿಗೆ ಅಲ್ಲಿಗೋ ಮೈಸೂರಿಗೋ ಅರ್ಜಿ ಹಾಕುವ ಧೈರ್ಯ ಬರುತ್ತದೆ.