ಬೆಕ್ಕಿನ ಮರಿಗೆ ಹಾಲು, ಮುದ್ದೆ ಸಾಲದು

ರಾಗಿ ಒಕ್ಕಣೆ ಮುಗಿದು ಕಾಳು ಮನೆ ಸೇರುವ ಹೊತ್ತಿಗೆ ಇಲಿಯೂ ಹೊಲ ಬಿಟ್ಟು ಮನೆ ಸೇರುತ್ತದೆ. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯ ಹಳ್ಳಿಗಳಲ್ಲಿ ಹಿಂದೆ ರಾಗಿಯನ್ನು ಹಗೇವಿಗೆ ತುಂಬಿ ಬಾಯಿ ಮುಚ್ಚಿಬಿಡುತ್ತಿದ್ದರು. ಈಗ ಹಗೇವು ಅಪರೂಪ. ರಾಗಿ ಚೀಲಗಳು ಮನೆಯ ಮೂಲೆಯಲ್ಲಿರುತ್ತವೆ. ಪಕ್ಕದಲ್ಲೇ ಅವರೆ, ಹುರುಳಿ, ದನದ ಹಿಂಡಿ, ಬೂಸ. ರೇಷ್ಮೆ ಸಾಕುವ ಮನೆಯಲ್ಲಿ ಇಲಿ ಹುಳುವನ್ನೂ ಬಿಡುವುದಿಲ್ಲ, ಗೂಡನ್ನೂ ಬಿಡುವುದಿಲ್ಲ. ಇಂಥ ಸಮಯದಲ್ಲಿ ಅನೇಕ ರೈತರು ಯಾರ ಮನೆಯಿಂದಲೋ ಒಂದು ಬೆಕ್ಕಿನ ಮರಿಯನ್ನು ತರುತ್ತಾರೆ. ತಂದ ಮರಿ ಎಷ್ಟೋ ಮನೆಗಳಲ್ಲಿ ಆರು ತಿಂಗಳು ತುಂಬುವ ಮೊದಲೇ ಸಾಯುತ್ತದೆ, ಇಲ್ಲವೆ ಮನೆ ಬಿಟ್ಟು ಹೋಗುತ್ತದೆ. "ನಮ್ಮ ಮನೆಗೆ ಬೆಕ್ಕು ಆಗಿಬರೋದಿಲ್ಲ" ಎಂಬ ಮಾತನ್ನು ಹಳ್ಳಿಗಳಿಗೆ ಹೋದಾಗ ನೀವೂ ಕೇಳಿರುತ್ತೀರಿ.

ಬೇಸಾಯಶಾಸ್ತ್ರದವನು ಬೆಕ್ಕಿನ ವಿಷಯ ಬರೆಯುವುದೇಕೆ ಎಂದು ನಿಮಗೆ ಅನ್ನಿಸಬಹುದು. ಬೆಳೆದ ಕಾಳನ್ನು ಉಳಿಸಿಕೊಳ್ಳುವುದೂ ಬೇಸಾಯದ ಭಾಗವೇ. ಅಲ್ಲದೆ ಬೆಕ್ಕು ಆಗಿಬಾರದಿರುವುದಕ್ಕೆ ಅನೇಕ ಕಡೆ ಕಾರಣ ಒಂದೇ: ನಾವು ಅದಕ್ಕೆ ನಮ್ಮ ಊಟವನ್ನು ಹಾಕುತ್ತೇವೆ, ಅದರ ಊಟವನ್ನು ಹಾಕುವುದಿಲ್ಲ.

ಬೆಕ್ಕು ನಾಯಿಯಂತಲ್ಲ

ನಾಯಿ ಮನುಷ್ಯನ ಜೊತೆ ಬಾಳಿ ಮುದ್ದೆ, ಅನ್ನ, ಸಾರು ಎಲ್ಲವನ್ನೂ ಅರಗಿಸಿಕೊಳ್ಳುವುದನ್ನು ಕಲಿತಿದೆ. ಬೆಕ್ಕು ಸಾವಿರಾರು ವರ್ಷ ನಮ್ಮ ಮನೆಯಲ್ಲಿದ್ದರೂ ಅದರ ಹೊಟ್ಟೆ ಇನ್ನೂ ಹುಲಿಯ ಹೊಟ್ಟೆಯೇ. ಅದು ತಿನ್ನಲು ಹುಟ್ಟಿರುವುದು ಇಲಿಯನ್ನು. ಇಲಿಯ ದೇಹದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೀರು. ಉಳಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಸಸಾರಜನಕ, ನಂತರ ಕೊಬ್ಬು ಮತ್ತು ಮೂಳೆಯ ಸುಣ್ಣ. ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ರಾಗಿಯಲ್ಲಾದರೋ ಸಸಾರಜನಕ ನೂರಕ್ಕೆ 7ರಷ್ಟು ಮಾತ್ರ, ಉಳಿದದ್ದು ಬಹುಪಾಲು ಪಿಷ್ಟ. ಬೆಳೆದ ಬೆಕ್ಕಿನ ಆಹಾರದಲ್ಲಿ, ನೀರನ್ನು ಬಿಟ್ಟು ಲೆಕ್ಕ ಹಾಕಿದರೆ, ಕಾಲು ಭಾಗಕ್ಕಿಂತ ಹೆಚ್ಚು ಸಸಾರಜನಕ ಇರಬೇಕು. ಬೆಳೆಯುವ ಮರಿಗೆ ಇನ್ನೂ ಹೆಚ್ಚು. ರಾಗಿಯ ಮೇಲೆ ನನಗಿರುವ ಅಭಿಮಾನ ಕಡಿಮೆಯದಲ್ಲ. ಆದರೆ ಅದು ಮನುಷ್ಯನಿಗೆ ಮತ್ತು ದನಕ್ಕೆ ಹೊಂದುವ ಧಾನ್ಯ.

ಸಸಾರಜನಕದ ಪ್ರಮಾಣ ಒಂದೇ ಆಗಿದ್ದರೆ ಅವರೆ, ಹುರುಳಿ ಬೇಯಿಸಿ ಹಾಕಿ ಸರಿದೂಗಿಸಬಹುದಿತ್ತು. ಆದರೆ ಮಾಂಸದಲ್ಲಿ ಮಾತ್ರ ಸಾಕಷ್ಟು ಸಿಗುವ ಕೆಲವು ವಸ್ತುಗಳಿಲ್ಲದೆ ಬೆಕ್ಕು ಬದುಕಲಾರದು. ಅವುಗಳಲ್ಲಿ ಮುಖ್ಯವಾದದ್ದು ಟಾರಿನ್. ನಾಯಿ, ದನಗಳ ದೇಹ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸಲಾರದು. ಟಾರಿನ್ ಇಲ್ಲದ ಆಹಾರ ತಿಂದ ಬೆಕ್ಕಿನ ಕಣ್ಣಿನ ಒಳಪೊರೆ ಕ್ರಮೇಣ ನಾಶವಾಗುತ್ತದೆ ಎಂಬುದು 1975ರಲ್ಲಿ ಅಮೆರಿಕದ ವಿಜ್ಞಾನಿಗಳಿಂದ ತಿಳಿದುಬಂತು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದವರು ಇದೇ ಕೊರತೆಯಿಂದ ಹೃದಯ ಹಿಗ್ಗಿ ಬೆಕ್ಕು ಸಾಯುವುದನ್ನು ತೋರಿಸಿಕೊಟ್ಟರು. ಆ ಬೆಕ್ಕುಗಳಲ್ಲಿ ಅನೇಕವು ಕಂಪನಿಗಳು ತಯಾರಿಸಿದ ಡಬ್ಬಿಯ ಆಹಾರವನ್ನೇ ತಿಂದವು! ಆ ನಂತರವೇ ಬೆಕ್ಕಿನ ಸಿದ್ಧ ಆಹಾರಕ್ಕೆ ಟಾರಿನ್ನನ್ನು ಹೆಚ್ಚಾಗಿ ಸೇರಿಸತೊಡಗಿದರು. ಈ ಕೊರತೆ ಒಂದೆರಡು ದಿನದಲ್ಲಿ ಕಾಣಿಸುವುದಲ್ಲ. ತಿಂಗಳುಗಟ್ಟಲೆ ಬೆಕ್ಕು ಚೆನ್ನಾಗಿಯೇ ಇದ್ದಂತೆ ತೋರುತ್ತದೆ. ಕುರುಡಾದ ಕಣ್ಣು ಮಾತ್ರ ಮತ್ತೆ ಬರುವುದಿಲ್ಲ.

ಇನ್ನೊಂದು ಉದಾಹರಣೆ ಎ ಜೀವಸತ್ವ. ನಿಮ್ಮ ಹಸು ಹಸಿರು ಮೇವಿನ ಬಣ್ಣದ ಅಂಶದಿಂದ ಎ ಜೀವಸತ್ವವನ್ನು ಮಾಡಿಕೊಳ್ಳುತ್ತದೆ. ನೀವು ಸೊಪ್ಪು, ಗಜ್ಜರಿ ತಿಂದು ಮಾಡಿಕೊಳ್ಳುತ್ತೀರಿ. ಬೆಕ್ಕಿಗೆ ಆ ಶಕ್ತಿ ಇಲ್ಲ. ಅದಕ್ಕೆ ಈಲಿ, ಮೊಟ್ಟೆ, ಮೀನುಗಳಿಂದ ಸಿದ್ಧರೂಪದಲ್ಲೇ ಸಿಗಬೇಕು.

ಇಂಗ್ಲೆಂಡಿನ ಹಳ್ಳಿಗರು ಮೊಲ ಹಿಡಿಯಲು ಫೆರೆಟ್ ಎಂಬ, ನೀರುನಾಯಿಯ ಬಳಗಕ್ಕೆ ಸೇರಿದ ಪುಟ್ಟ ಪ್ರಾಣಿಯನ್ನು ಸಾಕುತ್ತಾರೆ. ಅದೂ ಬೆಕ್ಕಿನಂತೆ ಮಾಂಸವನ್ನೇ ನಂಬಿದ ಪ್ರಾಣಿ. ಅದಕ್ಕೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಹಾಕುವುದು ಅಲ್ಲಿ ಬಹುಕಾಲದ ರೂಢಿಯಾಗಿತ್ತು. ಈಗ ಅದನ್ನು ತಪ್ಪೆಂದು ತಿಳಿದು ಮಾಂಸ ಕೊಡುತ್ತಾರೆ. ನಮ್ಮ ಹಾಲು-ಅನ್ನ, ಹಾಲು-ಮುದ್ದೆ ಅದರ ತಮ್ಮನೇ ಸರಿ.

ಹಾಲಿನ ವಿಷಯ

ಬೆಕ್ಕು ಹಾಲು ಕುಡಿಯುತ್ತದೆ, ಆಸೆಯಿಂದಲೇ ಕುಡಿಯುತ್ತದೆ. ಸಿಹಿಗಾಗಿ ಅಲ್ಲ, ಬೆಕ್ಕಿನ ನಾಲಗೆಗೆ ಸಿಹಿ ತಿಳಿಯುವುದೇ ಇಲ್ಲವೆಂದು 2005ರಲ್ಲಿ ಖಚಿತವಾಗಿದೆ. ಕೊಬ್ಬಿನ ಆಸೆಗೆ ಕುಡಿಯುತ್ತದೆ. ಆದರೆ ತಾಯಿಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಬೆಕ್ಕಿನಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಹಸುವಿನ ಹಾಲಿನಲ್ಲಿ ಈ ಸಕ್ಕರೆ ನೂರಕ್ಕೆ 5ರ ಹತ್ತಿರ ಇರುತ್ತದೆ. ಹೊಸದಾಗಿ ತಂದ ಮರಿ ಬಟ್ಟಲುಗಟ್ಟಲೆ ಹಾಲು ಕುಡಿದು ಭೇದಿಯಾಗಿ, ಮೈಯ ನೀರೆಲ್ಲ ಹೋಗಿ ಎರಡೇ ದಿನದಲ್ಲಿ ಸಾಯುವುದುಂಟು. ಭೇದಿ ಆಗದಿದ್ದರೆ ದಿನಕ್ಕೆ ಎರಡು ಚಮಚ ಹಾಲು ಕೊಟ್ಟರೆ ತೊಂದರೆಯಿಲ್ಲ. ಅದನ್ನು ಊಟವೆಂದು ಲೆಕ್ಕಕ್ಕೆ ಹಿಡಿಯಬೇಡಿ. ಕುಡಿಯಲು ನೀರಿನ ಬಟ್ಟಲು ಯಾವಾಗಲೂ ಬೇರೆ ಇರಲಿ.

ಮರಿಯನ್ನು ಎಂಟು ವಾರ ತುಂಬುವವರೆಗೂ ತಾಯಿಯಿಂದ ಬೇರೆ ಮಾಡಬೇಡಿ. ಕಣ್ಣು ಬಿಟ್ಟ ಕೂಡಲೇ ತರುವ ಆತುರ ಅನೇಕರಿಗೆ. ಬೆಕ್ಕಿನ ಹಾಲು ಹಸುವಿನ ಹಾಲಿಗಿಂತ ಹೆಚ್ಚು ಸಸಾರಜನಕದಿಂದ ಕೂಡಿದ್ದು. ಅದಕ್ಕೆ ಕೊಟ್ಟಿಗೆಯ ಹಾಲು ಬದಲಿಯಾಗದು.

ದಿನದ ಲೆಕ್ಕ

ನಮ್ಮ ನಾಡಿನ ಬೆಳೆದ ಬೆಕ್ಕು ಸುಮಾರು 3 ಕೆ.ಜಿ. ತೂಗುತ್ತದೆ. ಅದಕ್ಕೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಮನೆಯ ಸಣ್ಣ ಇಲಿಯೊಂದರಲ್ಲಿ ಸಿಗುವುದು 30 ಕ್ಯಾಲೊರಿಯಷ್ಟು. ಅಂದರೆ ಬರೀ ಇಲಿಯಿಂದ ಹೊಟ್ಟೆ ತುಂಬಬೇಕಾದರೆ ದಿನಕ್ಕೆ ಆರೇಳು ಇಲಿ ಹಿಡಿಯಬೇಕು. ಸುಗ್ಗಿಯಲ್ಲಿ ಇದು ನಡೆದೀತು, ವರ್ಷವಿಡೀ ನಡೆಯದು. ಉಳಿದದ್ದನ್ನು ನೀವೇ ಹಾಕಬೇಕು.

ಕೋಳಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಕೋಳಿಯ ಹೃದಯ, ಕುತ್ತಿಗೆಯ ಮಾಂಸ, ಚರ್ಮದ ಚೂರು ಬೆಕ್ಕಿಗೆ ಒಳ್ಳೆಯ ಆಹಾರ. ಹೃದಯದಲ್ಲಿ ಟಾರಿನ್ ಹೇರಳ. ಎದೆಯ ಬಿಳಿ ಮಾಂಸಕ್ಕಿಂತ ತೊಡೆಯ ಕಪ್ಪು ಮಾಂಸದಲ್ಲಿ ಅದು ಹೆಚ್ಚು. ಬೆಳೆದ ಬೆಕ್ಕಿಗೆ ದಿನಕ್ಕೆ 80ರಿಂದ 100 ಗ್ರಾಂ ಇಂಥ ಮಾಂಸ ಸಾಕು. ಉಪ್ಪು, ಖಾರ ಯಾವುದನ್ನೂ ಹಾಕದೆ ಸ್ವಲ್ಪ ನೀರಿನಲ್ಲಿ ಬೇಯಿಸಿ. ಬೇಯಿಸಿದ ನೀರನ್ನು ಚೆಲ್ಲಬಾರದು, ಏಕೆಂದರೆ ಟಾರಿನ್ ನೀರಿನಲ್ಲಿ ಕರಗಿ ಅದರಲ್ಲೇ ಇಳಿದಿರುತ್ತದೆ. ಆ ನೀರಿಗೆ ಒಂದೆರಡು ಚಮಚದಷ್ಟು ಮುದ್ದೆಯನ್ನೋ ಅನ್ನವನ್ನೋ ಕಿವುಚಿ ಮಾಂಸದ ಚೂರಿನೊಡನೆ ಕಲಸಿ ಕೊಡಿ. ಬೆಕ್ಕು ಸಹಜವಾಗಿ ನೀರು ಕುಡಿಯುವುದು ಕಡಿಮೆ. ಹೀಗೆ ತೇವವಾಗಿ ಕೊಟ್ಟರೆ ಮೂತ್ರದ ತೊಂದರೆಯೂ ಕಡಿಮೆಯಾಗುತ್ತದೆ.

ಇನ್ನು ಸುಣ್ಣದ ಅಂಶ. ಇಲಿ ತಿನ್ನುವ ಬೆಕ್ಕು ಮೂಳೆಯನ್ನೂ ತಿನ್ನುತ್ತದೆ. ಬರೀ ಮೆತ್ತನೆಯ ಮಾಂಸ ತಿನ್ನುವ ಮರಿಗೆ ಮೂಳೆ ಸಿಗುವುದಿಲ್ಲ. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣ ಅತ್ಯಲ್ಪ. ಹೀಗೆ ಬೆಳೆದ ಮರಿಯ ಕಾಲು ಸೊಟ್ಟಗಾಗುತ್ತದೆ, ಗೋಡೆಯಿಂದ ಹಾರಿದರೆ ಮೂಳೆ ಮುರಿಯುತ್ತದೆ. ಮಾಂಸ ಕೊಟ್ಟೇ ಸಾಕಿದೆವು, ಆದರೂ ಹೀಗಾಯಿತು ಎನ್ನುವವರು ಇದನ್ನು ಗಮನಿಸಬೇಕು. ಬೇಯಿಸಿದ ಮೂಳೆಯನ್ನಂತೂ ಹಾಕಲೇಬಾರದು. ಅದು ಚೂಪಾಗಿ ಸೀಳಿ ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಸುಲಭವಾದ ಉಪಾಯವೆಂದರೆ ಮೊಟ್ಟೆಯ ಸಿಪ್ಪೆ. ಸಿಪ್ಪೆಯನ್ನು ತೊಳೆದು, ಬಾಣಲೆಯಲ್ಲಿ ಬಿಸಿ ಮಾಡಿ, ಹಿಟ್ಟಿನಷ್ಟು ನುಣ್ಣಗೆ ಅರೆದಿಡಿ. ಒಂದು ಕೆ.ಜಿ. ಮಾಂಸಕ್ಕೆ ಟೀ ಚಮಚದ ಮಟ್ಟ ಒಂದು ಚಮಚ, ಅಂದರೆ ದಿನದ ಪಾಲಿಗೆ ಒಂದು ಚಿಟಿಕೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣವಿದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ಬೆಕ್ಕು ತಿನ್ನುವ ಎರಡು ಚಮಚದಲ್ಲಿ ಎಷ್ಟು ಬಂದೀತು?

ಈಲಿ, ಎಂದರೆ ಲಿವರ್, ವಾರಕ್ಕೊಮ್ಮೆ 15-20 ಗ್ರಾಂ ಸಾಕು. ಬೆಕ್ಕು ಇಷ್ಟಪಡುತ್ತದೆಂದು ದಿನವೂ ಹಾಕಿದರೆ ಎ ಜೀವಸತ್ವ ಮೈಯಲ್ಲಿ ಮಿತಿಮೀರಿ ಕುತ್ತಿಗೆಯ ಮೂಳೆಗಳು ಅಂಟಿಕೊಂಡು ಬಿಗಿಯುತ್ತವೆ. ಬೇಯಿಸಿದ ಮೊಟ್ಟೆ ವಾರಕ್ಕೆ ಎರಡು ಮೂರು ಕೊಡಬಹುದು. ಮೊಟ್ಟೆಯಲ್ಲಿ ಟಾರಿನ್ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಅದೊಂದನ್ನೇ ನಂಬುವಂತಿಲ್ಲ. ಕೆರೆಯ ಮೀನು, ಮಂಚನಬೆಲೆ ಜಲಾಶಯದ ಕಡೆಯಿಂದ ಬರುವ ಮೀನು ಸಿಕ್ಕಿದರೆ ಬೇಯಿಸಿ, ಮುಳ್ಳು ತೆಗೆದು ಕೊಡಿ. ಗೆಂಡೆಯಂಥ ಮೀನಿನ ಹಸಿ ಮಾಂಸದಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ವಸ್ತುವಿದೆ. ಬೇಯಿಸಿದರೆ ಅದು ಹೋಗುತ್ತದೆ. ಒಣಮೀನಾದರೆ ಉಪ್ಪು ಹೋಗುವವರೆಗೆ ನೆನೆಸಿ ತೊಳೆಯಬೇಕು.

ಮರಿಯ ಲೆಕ್ಕವೇ ಬೇರೆ. ಒಂದು ಕೆ.ಜಿ. ತೂಗುವ ಎರಡೂವರೆ ತಿಂಗಳ ಮರಿ, ಬೆಳೆದ ಬೆಕ್ಕು ತಿನ್ನುವಷ್ಟನ್ನೇ ಹತ್ತಿರ ಹತ್ತಿರ ತಿನ್ನುತ್ತದೆ. ಅದರ ಹೊಟ್ಟೆ ಚಿಕ್ಕದು. ಆದ್ದರಿಂದ ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಹಾಕಿ. ಮರಿಯನ್ನು ಕೈಚೀಲದಲ್ಲಿಟ್ಟು ವಾರಕ್ಕೊಮ್ಮೆ ತೂಗಿ ನೋಡಿ. ವಾರಕ್ಕೆ ಸುಮಾರು 100 ಗ್ರಾಂ ಏರುತ್ತಿದ್ದರೆ ಊಟ ಸರಿಯಾಗಿದೆ ಎಂದರ್ಥ. ಹೊಟ್ಟೆ ಮಾತ್ರ ಉಬ್ಬಿ ಬೆನ್ನುಮೂಳೆ ಕಾಣುತ್ತಿದ್ದರೆ ಜಂತುಹುಳುವಿನ ಲಕ್ಷಣ. ಪಶುವೈದ್ಯರಿಂದ ಔಷಧಿ ಕೊಡಿಸಿ. ಹುಚ್ಚುನಾಯಿ ರೋಗದ ಲಸಿಕೆಯನ್ನೂ ಆಗಲೇ ವಿಚಾರಿಸಿಕೊಳ್ಳಿ.

ಮನೆಯೊಳಗೆ ಮಾಂಸ ತಾರದ ಕುಟುಂಬಗಳು ಹೋಬಳಿಯಲ್ಲಿ ಬಹಳ ಇವೆ. ಅಂಥವರು ಬೆಕ್ಕು ಸಾಕಬಾರದೆಂದೇನೂ ಇಲ್ಲ. ಪೇಟೆಯಲ್ಲಿ ಸಿಗುವ ಬೆಕ್ಕಿನ ಸಿದ್ಧ ಆಹಾರದಲ್ಲಿ ಮೇಲೆ ಹೇಳಿದ್ದೆಲ್ಲ ಸೇರಿರುತ್ತದೆ. ಬೆಲೆ ಹೆಚ್ಚೆನಿಸಿದರೂ ಬೆಕ್ಕಿಗೆ ಬೇಕಾಗುವುದು ಸ್ವಲ್ಪವೇ. ಬೇಟೆಗೆ ಹೊರಗೆ ಹೋಗದೆ ಮನೆಯೊಳಗೇ ಇರುವ ಬೆಕ್ಕಿಗೂ, ಎಳೆಯ ಮರಿಗೂ ಇದೇ ಹೆಚ್ಚು ಕ್ಷೇಮ. ಚೀಲದ ಮೇಲೆ ಬೆಕ್ಕಿನ ಆಹಾರವೆಂದೇ ಇರಬೇಕು. ನಾಯಿಯ ಆಹಾರ ಬೆಕ್ಕಿಗೆ ಸಾಲದು.

ಹಸಿದ ಬೆಕ್ಕು ಹೆಚ್ಚು ಇಲಿ ಹಿಡಿಯುತ್ತದೆಯೆ?

ಊಟ ಹಾಕಿದರೆ ಬೆಕ್ಕು ಸೋಮಾರಿಯಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಬೆಕ್ಕು ಬೇಟೆಯಾಡುವುದು ಹೊಟ್ಟೆಗಾಗಿ ಮಾತ್ರವಲ್ಲ. ಹೊಟ್ಟೆ ತುಂಬಿದ್ದರೂ ಕಣ್ಣೆದುರು ಓಡುವ ಇಲಿಯ ಮೇಲೆ ಬೀಳುತ್ತದೆ. ಆಕ್ಸ್‌ಫರ್ಡಿನ ಚಾರ್ಲ್ಸ್ ಎಲ್ಟನ್ ಎಂಬ ವಿಜ್ಞಾನಿ ಇಂಗ್ಲೆಂಡಿನ ರೈತರ ಮನೆಗಳಲ್ಲಿ ಇದನ್ನು ಗಮನಿಸಿ 1953ರಲ್ಲಿ ಪ್ರಕಟಿಸಿದರು. ಇಲಿ ತುಂಬಿಹೋದ ಜಾಗದಲ್ಲಿ ಬೆಕ್ಕುಗಳು ಅವನ್ನು ಮುಗಿಸಲಾರವು. ಮೊದಲು ಇಲಿಯನ್ನು ಬೇರೆ ವಿಧಾನದಿಂದ ತೆಗೆದು, ಆಮೇಲೆ ಬೆಕ್ಕುಗಳಿಗೆ ಮನೆಯಲ್ಲೇ ಆಹಾರ ಕೊಡುತ್ತ ಬಂದರೆ ಅವು ಅಲ್ಲೇ ನೆಲೆಸಿ ಹೊಸ ಇಲಿ ಸೇರದಂತೆ ಕಾಯುತ್ತವೆ. ಹಸಿವಿಗೆ ಬಿಟ್ಟ ಬೆಕ್ಕು ಊರೆಲ್ಲ ಅಲೆಯುತ್ತದೆ, ನೆರೆಮನೆಯ ಕೋಳಿಮರಿಗೆ ಕೈ ಹಾಕಿ ನಿಮಗೆ ಜಗಳ ತರುತ್ತದೆ. ಬೆಳೆದ ಹೆಗ್ಗಣದ ತಂಟೆಗಂತೂ ಸಾಮಾನ್ಯವಾಗಿ ಬೆಕ್ಕು ಹೋಗುವುದಿಲ್ಲ. ಅದಕ್ಕೆ ಬೋನೇ ಬೇಕು.

ಪಾಷಾಣ ಮತ್ತು ಬೆಕ್ಕು

ಈ ಕ್ರಮ ನಮಗೂ ಒಪ್ಪುತ್ತದೆ. ಇಲಿ ಪಾಷಾಣ ಇಡುವುದಿದ್ದರೆ ಬೆಕ್ಕು ತರುವ ಮೊದಲೇ ಇಟ್ಟು, ಸತ್ತ ಇಲಿಗಳನ್ನು ಹುಡುಕಿ ಆಳವಾಗಿ ಹೂಳಿ, ಉಳಿದ ಪಾಷಾಣವನ್ನು ತೆಗೆದು, ಎರಡು ಮೂರು ವಾರ ಕಳೆದ ಮೇಲೆ ಮರಿಯನ್ನು ತನ್ನಿ. ಬೆಕ್ಕು ಬಂದ ಮೇಲೆ ಬೋನು, ಕತ್ತರಿ ಮಾತ್ರ. ಜಿಂಕ್ ಫಾಸ್ಫೈಡ್ ತಿಂದು ಸತ್ತ ಇಲಿಯ ಹೊಟ್ಟೆಯಲ್ಲಿ ವಿಷ ಉಳಿದಿರಬಹುದು, ಅದಕ್ಕೆ ಪ್ರತಿಮದ್ದಿಲ್ಲ. ಬ್ರೋಮಾಡಿಯೊಲೋನ್ ಬಿಲ್ಲೆ ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ಮಂಕಾಗಿ ಓಡಾಡುತ್ತದೆ. ಬೆಕ್ಕಿಗೆ ಸುಲಭವಾಗಿ ಸಿಗುವುದು ಅದೇ. ಅಂಥ ಇಲಿಗಳನ್ನು ತಿಂದ ಬೆಕ್ಕಿಗೆ ಕೆಲವು ದಿನಗಳ ನಂತರ ಒಸಡು ಬಿಳಿಚುತ್ತದೆ, ಮೂಗಿನಲ್ಲೋ ಮಲದಲ್ಲೋ ರಕ್ತ ಕಾಣುತ್ತದೆ. ಇದಕ್ಕೆ ಕೆ1 ಜೀವಸತ್ವವೆಂಬ ಪ್ರತಿಮದ್ದು ಉಂಟು, ತಡಮಾಡದೆ ಪಶು ಆಸ್ಪತ್ರೆಗೆ ಒಯ್ದರೆ ಉಳಿಸಿಕೊಳ್ಳಬಹುದು. ನೆರೆಮನೆಯವರು ಪಾಷಾಣ ಇಟ್ಟಿದ್ದಾರೆಯೆ ಎಂಬುದನ್ನೂ ಕೇಳಿ ತಿಳಿಯಿರಿ.

ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಹಾಗಾಗಿ ಉಳಿದ ಸಾರು ಕಲಸಿದ ಅನ್ನ ಬೇಡ. ಜ್ವರವೆಂದು ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಕೊಡಬೇಡಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ದನದ ಮೈಯ ಉಣ್ಣೆಹುಳುವಿಗೆ ಹಚ್ಚುವ ಔಷಧಿಯನ್ನು ಬೆಕ್ಕಿಗೆ ಹಚ್ಚುವುದೂ ಹಾಗೆಯೇ ಅಪಾಯ: ಅದು ಮೈಯನ್ನು ನೆಕ್ಕಿಕೊಳ್ಳುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಬೆಕ್ಕಿನ ಹೇಲು ತೆಗೆಯುವ ಕೆಲಸವನ್ನು ಬೇರೆಯವರು ಮಾಡಲಿ. ಇಲಿ ತಿನ್ನುವ ಬೆಕ್ಕಿನ ಮಲದಿಂದ ಗರ್ಭದ ಮಗುವಿಗೆ ಕೇಡು ತರುವ ರೋಗಾಣು ಹರಡಬಹುದು.

ಬೆಕ್ಕು ಊಟ ಬಿಟ್ಟರೆ, ಒಂದೆರಡು ಹೊತ್ತು ಉಪವಾಸ ಕೆಡವಿದರೆ ಸರಿಹೋಗುತ್ತದೆಂದು ಕಾಯಬೇಡಿ. ಎರಡು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪನೆಯ ಬೆಕ್ಕಿನ, ಲಿವರಿನಲ್ಲಿ ಕೊಬ್ಬು ಕಟ್ಟತೊಡಗುತ್ತದೆ. ಎರಡನೆಯ ದಿನವೇ ಪಶುವೈದ್ಯರಿಗೆ ತೋರಿಸಿ, ಅದು ಕೊನೆಯ ಸಲ ಏನು ತಿಂದಿತ್ತು ಎಂಬುದನ್ನು ತಪ್ಪದೆ ಅವರಿಗೆ ಹೇಳಿ.