ಒಳಸುತ್ತಿನ ತಾನಿಗೆ ತಕ್ಕ ಸೂಜಿ

ಹಿಂದೂಸ್ತಾನಿ ಗಾಯನದ ಎಲ್‌ಪಿ ತಟ್ಟೆಯಲ್ಲಿ ರಾಗವು ಹೊರಅಂಚಿನಲ್ಲಿ ವಿಲಂಬಿತವಾಗಿ ತೊಡಗಿ, ನಡುವಿನ ಲೇಬಲ್ಲಿನ ಹತ್ತಿರ ಬರುವಾಗ ದ್ರುತ್‌ಗೆ ಏರಿರುತ್ತದೆ. ತಾನುಗಳು ಒಂದರ ಮೇಲೊಂದು ಬರುವುದು, ತಬಲಾ ಬಿರುಸಾಗುವುದು, ಹಾರ್ಮೋನಿಯಂ ದನಿಯ ಬೆನ್ನು ಹತ್ತುವುದು ಎಲ್ಲವೂ ಅಲ್ಲೇ. ತಟ್ಟೆಯ ಅತ್ಯಂತ ದುರ್ಬಲ ಜಾಗವೂ ಅದೇ. ನಿಮಿಷಕ್ಕೆ 33⅓ ಸುತ್ತು ಎಂಬುದು ಬದಲಾಗುವುದಿಲ್ಲ; ಆದರೆ ಹೊರಗಿನ ದೊಡ್ಡ ಸುತ್ತಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದುಹೋದರೆ, ಒಳಗಿನ ಸಣ್ಣ ಸುತ್ತಿನಲ್ಲಿ ಹಾದುಹೋಗುವುದು 20 ಸೆಂಟಿಮೀಟರ್ ಚಿಲ್ಲರೆ. ಅಷ್ಟೇ ಸಂಗೀತ ಅರ್ಧಕ್ಕೂ ಕಡಿಮೆ ಜಾಗದಲ್ಲಿ ಅಡಗಬೇಕು. ಹಾಗಾಗಿ ಟರ್ನ್‌ಟೇಬಲ್ಲಿನ ಕಾರ್ಟ್ರಿಜ್ ಬದಲಿಸುವ ಯೋಚನೆ ಇರುವವರು ತಮ್ಮ ತಟ್ಟೆಯ ಮೊದಲ ಐದು ನಿಮಿಷವನ್ನಲ್ಲ, ಕೊನೆಯ ಐದು ನಿಮಿಷವನ್ನು ಕಿವಿಗೊಟ್ಟು ಕೇಳಬೇಕು. ತಾನಿನ ಸ್ವರಗಳು ಬಿಡಿಬಿಡಿಯಾಗಿ ಕೇಳದೆ ಕಲಸಿಹೋದರೆ, ತಾರಸ್ಥಾಯಿಯಲ್ಲಿ ದನಿ ಒಡೆದಂತಾದರೆ, ಅದು ಗಾಯಕರ ದೋಷವಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಈ ಮಾತಿಗೆ ತೂಕ ಹೆಚ್ಚು. ಧಾರವಾಡದ ಸಂಗೀತ ಕಾಡು ದಾಟಿ ಇಲ್ಲಿನ ಅಡಿಕೆ ತೋಟಗಳ ನಡುವೆ ಬೇರೂರಿದೆ. ಯಲ್ಲಾಪುರ ತಾಲೂಕಿನ ಹಾಸಣಗಿಯ ಗಣಪತಿ ಭಟ್ಟರು ಬಸವರಾಜ ರಾಜಗುರುಗಳಲ್ಲಿ ಕಲಿತು ದೊಡ್ಡ ಗಾಯಕರಾದವರು. ಇಂಥ ಸೀಮೆಯಲ್ಲಿ ಕಪಾಟು ತೆರೆದರೆ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರ ಎಚ್‌ಎಂವಿ ತಟ್ಟೆಗಳು ಸಿಗುವುದು ಸಹಜ. ಅವುಗಳಿಗೆ ಯಾವ ಸೂಜಿ ಎಂಬುದೇ ಪ್ರಶ್ನೆ.

ಕಾರ್ಟ್ರಿಜ್ ನಿಜಕ್ಕೂ ಬೆರಗಿನ ವಸ್ತು. ವಜ್ರದ ತುಣುಕೊಂದು ಕೂದಲಿನಂಥ ಸಣ್ಣ ಕಡ್ಡಿಯ ತುದಿಯಲ್ಲಿ ಕೂತಿರುತ್ತದೆ; ಕಡ್ಡಿಯ ಇನ್ನೊಂದು ತುದಿಯಲ್ಲಿ ಪುಟ್ಟ ಅಯಸ್ಕಾಂತ; ಅದರ ಪಕ್ಕದಲ್ಲಿ ತಂತಿಯ ಸುರುಳಿಗಳು. ವಜ್ರ ಗೀರಿನ ಎರಡು ಗೋಡೆಗಳನ್ನು ಸವರುತ್ತ ನಡುಗಿದಂತೆ ಅಯಸ್ಕಾಂತ ಅಲುಗುತ್ತದೆ, ಸುರುಳಿಯಲ್ಲಿ ನಾಲ್ಕೈದು ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ. ತಂಬೂರಿಯ ಜವಾರಿ, ಗಾಯಕ ಉಸಿರೆಳೆದ ಸದ್ದು ಎಲ್ಲ ಅಷ್ಟರಲ್ಲೇ ಇರುತ್ತದೆ. ಇದಕ್ಕೆ ಮೂವಿಂಗ್ ಮ್ಯಾಗ್ನೆಟ್ ಎನ್ನುತ್ತಾರೆ. ಸುರುಳಿಯೇ ಅಲುಗುವ ಮೂವಿಂಗ್ ಕಾಯಿಲ್ ಜಾತಿ ಬೇರೆ. ಜಪಾನಿನ ಆಕಾಶವಾಣಿ ಎನ್‌ಎಚ್‌ಕೆಗಾಗಿ 1960ರ ದಶಕದಲ್ಲಿ ರೂಪಿಸಿದ ಡೆನಾನ್ ಡಿಎಲ್-103 ಅದರಲ್ಲಿ ಹೆಸರುವಾಸಿ. ಆದರೆ ಅದರಿಂದ ಬರುವುದು 0.3 ಮಿಲಿವೋಲ್ಟ್, ಬೇರೆ ಫೋನೋ ಆಂಪ್ಲಿಫೈಯರ್ ಬೇಕು, ಭಾರದ ತೋಳು ಬೇಕು, ಸೂಜಿ ಸವೆದರೆ ಮನೆಯಲ್ಲಿ ಬದಲಿಸಲು ಬಾರದು. ಮೊದಲ ಬದಲಾವಣೆಗೆ ನಾನು ಅದನ್ನು ಹೇಳುವುದಿಲ್ಲ.

ಬೆಲೆಗಿಂತ ಮೊದಲು ನೋಡಬೇಕಾದ್ದು ವಜ್ರದ ತುದಿಯ ಆಕಾರ. ಅಗ್ಗದ ಟರ್ನ್‌ಟೇಬಲ್ಲುಗಳಲ್ಲಿ ಬರುವ ಆಡಿಯೋ-ಟೆಕ್ನಿಕಾ 3600ರಂಥವುಗಳದ್ದು ಉರುಟು ತುದಿ. ಅದರ ತ್ರಿಜ್ಯ 15ರಿಂದ 18 ಮೈಕ್ರಾನ್. 10,000 ಹರ್ಟ್ಸ್‌ನ ನಾದದ ಒಂದು ಅಲೆ ಒಳಸುತ್ತಿನಲ್ಲಿ ಸುಮಾರು 20 ಮೈಕ್ರಾನ್ ಉದ್ದವಷ್ಟೇ. ನಾದ ಜೋರಾಗಿದ್ದರೆ ಆ ಅಲೆಯ ತಗ್ಗಿಗೆ ಉರುಟು ತುದಿ ಪೂರ್ತಿ ಇಳಿಯುವುದಿಲ್ಲ, ಮೇಲಿಂದಲೇ ತೇಲಿಹೋಗುತ್ತದೆ. ಎಲಿಪ್ಟಿಕಲ್ ತುದಿಯ ಪಕ್ಕದ ಅಂಚು 8 ಮೈಕ್ರಾನ್ ಆಸುಪಾಸು, ಮೈಕ್ರೋಲೀನಿಯರ್‌ನದ್ದು 3. ಹೊರಸುತ್ತಿನ ಆಲಾಪದಲ್ಲಿ ಈ ಮೂರರ ನಡುವೆ ದೊಡ್ಡ ವ್ಯತ್ಯಾಸ ಕೇಳದಿರಬಹುದು. ದ್ರುತ್‌ನಲ್ಲಿ ಕೇಳಿಯೇ ಕೇಳುತ್ತದೆ.

ಆಡಿಯೋ-ಟೆಕ್ನಿಕಾದ ವಿಎಂ95 ಸಾಲು ನನಗೆ ಇಷ್ಟವಾಗುವುದು ಇದಕ್ಕೇ. ಮೈ ಒಂದೇ, ಸೂಜಿ ಮಾತ್ರ ಬೇರೆ ಬೇರೆ. ಮೊದಲು ಎಲಿಪ್ಟಿಕಲ್ ಹಾಕಿಕೊಂಡು, ಕೈ ಪಳಗಿದ ಮೇಲೆ ಮೈಕ್ರೋಲೀನಿಯರ್‌ಗೆ ಏರಬಹುದು. ಬೆಲೆ ಎರಡು ಪಟ್ಟಿಗೂ ಮೀರುತ್ತದೆ ನಿಜ. ಆದರೆ ಕಂಪನಿ ಹೇಳುವ ಆಯುಷ್ಯ ಎಲಿಪ್ಟಿಕಲ್‌ಗೆ 300 ತಾಸು, ಮೈಕ್ರೋಲೀನಿಯರ್‌ಗೆ 1000 ತಾಸು. ತಾಸಿನ ಲೆಕ್ಕದಲ್ಲಿ ದುಬಾರಿಯದೇ ಅಗ್ಗ.

ತೋಳಿಗೂ ಕಾರ್ಟ್ರಿಜ್ಜಿಗೂ ಜೋಡಿ ಹೊಂದಬೇಕು. ತೋಳಿನ ಪರಿಣಾಮಕಾರಿ ತೂಕಕ್ಕೆ ಕಾರ್ಟ್ರಿಜ್ಜಿನ ತೂಕ ಕೂಡಿಸಿ, ಕಂಪ್ಲಯನ್ಸ್ ಎಂಬ ಮೆದುತನದ ಅಂಕಿಯಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿದರೆ ಎರಡೂ ಸೇರಿ ತಾವಾಗಿ ತೂಗಾಡುವ ವೇಗ ಸಿಗುತ್ತದೆ. ಅದು 8ರಿಂದ 12 ಹರ್ಟ್ಸ್ ಒಳಗಿದ್ದರೆ ಒಳ್ಳೆಯದು. ಆರ್ಟೋಫಾನ್ 2ಎಂ ರೆಡ್ 7.2 ಗ್ರಾಂ, ಕಂಪ್ಲಯನ್ಸ್ 20. ತೋಳು 10 ಗ್ರಾಂ ಇದ್ದರೆ ಉತ್ತರ 8.6. ಜಪಾನಿ ಕಂಪನಿಗಳು ಈ ಅಂಕಿಯನ್ನು 100 ಹರ್ಟ್ಸ್‌ನಲ್ಲಿ ಅಳೆದು ಕೊಡುವುದುಂಟು. ಆಗ ಅದನ್ನು ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಂಡು ಲೆಕ್ಕ ಹಾಕಬೇಕು. ನಮ್ಮ ಕಡೆ ಈ ಲೆಕ್ಕ ಬಿಡುವಂತಿಲ್ಲ. ಹಲಗೆ ಹಾಸಿದ ಮಾಳಿಗೆಯಲ್ಲಿ ಯಾರಾದರೂ ನಡೆದರೂ ನೆಲ ತೂಗುತ್ತದೆ, ಅಟ್ಟದ ಮೇಲೆ ಓರೆಯಾಗಿ ಇಟ್ಟ ತಟ್ಟೆಗಳು ಬಾಗಿರುತ್ತವೆ. ಇವೆರಡರ ಅಲುಗಾಟವೂ 8 ಹರ್ಟ್ಸ್‌ಗಿಂತ ಕೆಳಗೇ ಬರುವುದು. ಜೋಡಿಯ ತೂಗಾಟ ಅಲ್ಲಿಗೇ ಇಳಿದರೆ ಸೂಜಿ ಹಾರುತ್ತದೆ. ಟರ್ನ್‌ಟೇಬಲ್ಲನ್ನು ಚಿರೆಕಲ್ಲಿನ ಗೋಡೆಗೆ ಬಿಗಿದ ಹಲಗೆಯ ಮೇಲಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ಕೂರಿಸುವ ಕೆಲಸಕ್ಕೆ ಹಗಲು ಬೆಳಕು, ಸಣ್ಣ ಸ್ಕ್ರೂಡ್ರೈವರ್, ನೋಸ್ ಪ್ಲೈಯರ್, ನೂರನೇ ಒಂದು ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಅಳತೆಯ ಕಾಗದ ಸಾಕು. ತಂತಿಗಳಲ್ಲಿ ಬಿಳಿ-ನೀಲಿ ಎಡಕ್ಕೆ, ಕೆಂಪು-ಹಸಿರು ಬಲಕ್ಕೆ. ಸೂಜಿ ತಟ್ಟೆಯನ್ನು ಒತ್ತುವ ಭಾರ ಕಂಪನಿ ಹೇಳಿದಷ್ಟೇ ಇರಲಿ: ವಿಎಂ95ಕ್ಕೆ 2 ಗ್ರಾಂ. ತಟ್ಟೆ ಸವೆದೀತೆಂದು ಹಗುರ ಮಾಡುವವರಿದ್ದಾರೆ. ಭಾರ ಸಾಲದ ಸೂಜಿ ಗೀರಿನ ಗೋಡೆಗೆ ಬಡಿಯುತ್ತ ಇನ್ನೂ ಹೆಚ್ಚು ಕೆಡಿಸುತ್ತದೆ. ಮೆಟ್ಟುಗತ್ತಿ ಹರಿತವಾದಷ್ಟೂ ಅಡಿಕೆ ಹಿಡಿಯುವ ಕೋನ ಸರಿಯಿರಬೇಕಲ್ಲ, ಹಾಗೆಯೇ ತುದಿ ಸಣ್ಣದಾದಷ್ಟೂ ಕೂರಿಸುವ ಕೋನ ಬಿಗಿಯಾಗಬೇಕು. ಉರುಟು ತುದಿ ಸಣ್ಣ ತಪ್ಪನ್ನು ಸಹಿಸುತ್ತದೆ, ಮೈಕ್ರೋಲೀನಿಯರ್ ಸಹಿಸುವುದಿಲ್ಲ. ಅಳತೆಯ ಕಾಗದದ ಎರಡು ಗುರುತುಗಳಲ್ಲೂ ಕಾರ್ಟ್ರಿಜ್ ನೆಟ್ಟಗೆ ನಿಲ್ಲುವವರೆಗೆ ಹಿಂದೆ ಮುಂದೆ ಸರಿಸುತ್ತಲೇ ಇರಬೇಕು. ಒಂದು ಮಧ್ಯಾಹ್ನ ಇದಕ್ಕೆ ಹೋದರೆ ಹೋಗಲಿ.

ಎಚ್‌ಎಂವಿ ಫಿಯೆಸ್ತಾದಂಥ ಸೂಟ್‌ಕೇಸ್ ಪ್ಲೇಯರ್ ಇದ್ದವರು ಈ ಯಾವುದಕ್ಕೂ ಕೈಹಾಕುವುದು ಬೇಡ. ಅದರ ತೋಳು, ಆಂಪ್ಲಿಫೈಯರ್ ಎರಡೂ ಸೆರಾಮಿಕ್ ಕಾರ್ಟ್ರಿಜ್ಜಿಗೆ ಮಾಡಿದವು. ಹೊಸ ಸೂಜಿ ಹಾಕಿದರೆ ಸಾಕು. 78 ಸುತ್ತಿನ ಅರಗಿನ ತಟ್ಟೆಗಳ ಗೀರು ಅಗಲ, ಅವಕ್ಕೆ 65ರಿಂದ 75 ಮೈಕ್ರಾನ್ ತುದಿಯ ಬೇರೆಯದೇ ಸೂಜಿ ಬೇಕು. ಎಲ್‌ಪಿ ಸೂಜಿ ಅವುಗಳ ತಳದಲ್ಲಿ ಬರೀ ಕಸ ಕೆರೆಯುತ್ತದೆ. ಎಚ್‌ಎಂವಿ ಎಲ್‌ಪಿಗಳಲ್ಲಿ ಇಸಿಎಲ್‌ಪಿ, ಇಎಎಲ್‌ಪಿ ಸಂಖ್ಯೆಯವು ಮೊನೊ ತಟ್ಟೆಗಳು. ಆಂಪ್ಲಿಫೈಯರ್‌ನಲ್ಲಿ ಮೊನೊ ಗುಂಡಿಯಿದ್ದರೆ ಒತ್ತಿ, ಚಿಟಚಿಟ ಎಷ್ಟೋ ಕಡಿಮೆಯಾಗುತ್ತದೆ.

ಮಳೆಗಾಲದ ತೇವ ಒಂದು ಉಪಕಾರ ಮಾಡುತ್ತದೆ: ತಟ್ಟೆ ಧೂಳು ಸೆಳೆಯುವ ಸ್ಥಾಯಿ ವಿದ್ಯುತ್ತು ತಗ್ಗುತ್ತದೆ. ಬದಲಿಗೆ ಗೀರಿನೊಳಗೆ ಬೂಷ್ಟು ಬೆಳೆಯುತ್ತದೆ, ಸಣ್ಣ ತುದಿಗೆ ಅದೇ ಮೊದಲು ಮೆತ್ತಿಕೊಳ್ಳುವುದು. ಎಲ್‌ಪಿಯನ್ನು ಡಿಸ್ಟಿಲ್ಡ್ ನೀರಿಗೆ ತುಸು ಐಸೊಪ್ರೊಪೈಲ್ ಬೆರೆಸಿ ತೊಳೆಯಿರಿ. ಅರಗಿನ ತಟ್ಟೆಗೆ ಆಲ್ಕೋಹಾಲ್ ತಾಗಿಸಲೇಬಾರದು, ಅರಗೇ ಕರಗುತ್ತದೆ. ಹಳೆಯ ಸೂಜಿ ಸವೆದಿಲ್ಲವಾದರೆ ಡಬ್ಬಿಯಲ್ಲಿಟ್ಟುಕೊಳ್ಳಿ. ಯಾರದೋ ಅಟ್ಟದಿಂದ ಬಂದ ತಟ್ಟೆಯನ್ನು ತೊಳೆದ ಮೇಲೂ ಮೊದಲ ಸಲ ಅದರಲ್ಲೇ ಓಡಿಸಿ ನೋಡಿ, ಆಮೇಲೆ ಹೊಸದನ್ನು ಹಾಕಬಹುದು.