ಸರ್ಪದಾರಿಯ ಓಟ

ಬೆಟ್ಟಕ್ಕೆ ಹೋಗುವವರಲ್ಲಿ ಮೂರು ಬಗೆ. ಕಾರಿನಲ್ಲಿ ಹೋಗಿ, ಕಡೆಯ ಮೆಟ್ಟಿಲುಗಳನ್ನು ಏದುಸಿರಿನಿಂದ ಹತ್ತಿ, ಭಾವಚಿತ್ರ ತೆಗೆಸಿಕೊಂಡು ಹಿಂದಿರುಗುವವರು ಮೊದಲನೆಯವರು. ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಹರಟುತ್ತ ನಡೆದೇ ಹೋಗುವವರು ಎರಡನೆಯವರು. ಬೆಟ್ಟದ ಕಾಲುದಾರಿಯಲ್ಲಿ ಓಡುವವರು ಮೂರನೆಯವರು. ಈ ಮೂರನೆಯವರನ್ನು ಕಂಡರೆ ಉಳಿದ ಇಬ್ಬರಿಗೂ ಕನಿಕರ. “ಪಾಪ, ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೋ!” ಎಂದು ವೃದ್ಧೆಯೊಬ್ಬರು ನನ್ನನ್ನು ನೋಡಿ ಉದ್ಗರಿಸಿದುದುಂಟು. ಅಂದು ನಕ್ಕುಬಿಟ್ಟೆ. ಆಕೆಯ ಮಾತಿನಲ್ಲಿ ಹುರುಳಿತ್ತೆಂಬುದು ಅರಿವಾದದ್ದು ಆಮೇಲೆ.

ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿ. ಎತ್ತರ 1,930 ಮೀಟರು. ಎಂದರೆ 6,300 ಅಡಿಗೂ ಮಿಗಿಲು. ಚಿಕ್ಕಮಗಳೂರಿನ ಬಳಿ ಕುದುರೆಲಾಳದಂತೆ ಬಾಗಿ ನಿಂತಿರುವ ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿ ಇದು ತಲೆಯೆತ್ತಿದೆ. ಶಿಖರದ ಸಮೀಪದವರೆಗೆ ವಾಹನದ ರಸ್ತೆಯಿದೆ. ಆದರೆ ಕಾಲಿನಲ್ಲಿ ಕಸುವಿದ್ದವರು ಹಿಡಿಯುವುದು ಸರ್ಪದಾರಿಯನ್ನು. ಹೆಸರಿಗೆ ತಕ್ಕಂತೆ ಅದು ಹಾವಿನ ಹಾಗೆ ಹೊರಳಿ ಹೊರಳಿ, ಹುಲ್ಲಿನ ಬೋರೆಗಳ ನೆತ್ತಿಯ ಮೇಲೆ ಹರಿದು, ಮುಳ್ಳಪ್ಪಸ್ವಾಮಿಯ ಗುಡಿಯತ್ತ ಏರುತ್ತದೆ. ಕಣಿವೆಯ ಮಡಿಲುಗಳಲ್ಲಿ ಕಪ್ಪು ಹಸುರಿನ ಶೋಲಾ ಕಾಡು. ಮೇಲೆಲ್ಲ ಗಾಳಿಗೆ ತೂಗುವ ಹುಲ್ಲು. 2022ರಲ್ಲಿ ಈ ಇಳಿಜಾರುಗಳಲ್ಲಿ ಕುರಿಂಜಿ ಅರಳಿದಾಗ ಬೆಟ್ಟವೇ ನೀಲಿ ಪತ್ತಲವನ್ನು ಹೊದ್ದಂತಿತ್ತು.

ಬೆಟ್ಟದ ಮೇಲೆ ಓಡುವುದು ಇಂದಿನವರ ಹುಚ್ಚೆಂದು ಭಾವಿಸಬೇಕಾಗಿಲ್ಲ. ಸ್ಕಾಟ್‌ಲೆಂಡಿನ ಬೆನ್ ನೆವಿಸ್ ಬ್ರಿಟನ್ನಿನ ಅತಿ ಎತ್ತರದ ಬೆಟ್ಟ; 1,345 ಮೀಟರು. 1895ರಲ್ಲಿ ಅದರ ತಪ್ಪಲಿನ ಫೋರ್ಟ್ ವಿಲಿಯಂ ಎಂಬ ಊರಿನ ಕ್ಷೌರಿಕ ವಿಲಿಯಂ ಸ್ವಾನ್ ಎಂಬಾತ ಊರಿನ ಅಂಚೆಮನೆಯಿಂದ ಹೊರಟು, ಶಿಖರವನ್ನು ಮುಟ್ಟಿ, 2 ಗಂಟೆ 41 ನಿಮಿಷಗಳಲ್ಲಿ ಹಿಂದಿರುಗಿದನು. ಹೀಗೆ ಗಡಿಯಾರದ ಲೆಕ್ಕಕ್ಕೆ ಸಿಕ್ಕ ಓಟಗಳ ಪೈಕಿ ಆ ಬೆಟ್ಟದ ಮೇಲೆ ಇದೇ ಮೊದಲನೆಯದು.

ಓಟವೆಂದರೆ ಉದ್ದಕ್ಕೂ ಓಟವಲ್ಲ. ಏರು ಕಡಿದಾದಲ್ಲಿ ಜಾಣನಾದ ಓಟಗಾರ ಮೊಣಕಾಲ ಮೇಲೆ ಕೈಯೂರಿ ನಡೆಯುತ್ತಾನೆ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ಬೆಟ್ಟದ ಓಟದಲ್ಲಿ ಪಳಗಿದ ಹತ್ತು ಮಂದಿಯನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಲೆಕ್ಕ ಇದಕ್ಕೆ ಸಾಕ್ಷಿ. ಸಮನೆಲದಲ್ಲಿ ಅಷ್ಟೇ ದೂರವನ್ನು ನಡೆಯುವುದಕ್ಕಿಂತ ಓಡುವುದಕ್ಕೆ ಸುಮಾರು ಎರಡರಷ್ಟು ಶಕ್ತಿ ವೆಚ್ಚವಾಗುತ್ತದೆ. ನೂರಕ್ಕೆ 45ರಷ್ಟು ಕಡಿದಾದ ಏರಿನಲ್ಲಾದರೋ ನಡಿಗೆಗೂ ಓಟಕ್ಕೂ ವೆಚ್ಚದಲ್ಲಿ ಹೆಚ್ಚಿನ ಅಂತರವೇ ಉಳಿಯುವುದಿಲ್ಲ. ನೂರಕ್ಕೆ 20ರಷ್ಟು ಇಳಿಜಾರಿನಲ್ಲಿ ಓಡುವಾಗ ಸಮನೆಲದ ಓಟದ ಅರ್ಧದಷ್ಟು ಶಕ್ತಿ ಸಾಕು.

ಅಂತೆಯೇ ಇಳಿಯುವಾಗ ಮೈ ಹಗುರ, ಮನಸ್ಸು ಇನ್ನೂ ಹಗುರ. ಆದರೆ ಉಸಿರಿಗೆ ಸುಲಭವಾದದ್ದು ಕಾಲಿಗೆ ಸುಲಭವಲ್ಲ. ಪ್ರತಿ ಹೆಜ್ಜೆಯಲ್ಲೂ ಮೈಭಾರವನ್ನು ತಡೆಹಿಡಿಯಬೇಕಾದ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಬಿಗಿಯಬೇಕು. ಎರಡು ದಿನಗಳ ಮೇಲೆ ಮನೆಯ ಮೆಟ್ಟಿಲನ್ನು ಇಳಿಯುವಾಗ “ಅಯ್ಯೋ” ಎನಿಸುವುದು ಇದರ ಫಲವೇ. ಹತ್ತುವಾಗ ಬೆಟ್ಟವೇ ನಮ್ಮನ್ನು ತಡೆಯುತ್ತದೆ. ಇಳಿಯುವಾಗ ನಮ್ಮನ್ನು ನಾವೇ ತಡೆದುಕೊಳ್ಳಬೇಕು. ಈ ಪಾಠವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ಮಳೆಗಾಲ ಹಿಂದೆಗೆಯುತ್ತಿದ್ದ ಒಂದು ಮುಂಜಾವಿನಲ್ಲಿ ಭಾವಮೈದುನನೊಡನೆ ಸರ್ಪದಾರಿಯನ್ನು ಹತ್ತಿದ್ದೆ. ಶಿಖರದಲ್ಲಿ ಕ್ಷಣಕಾಲ ಮೋಡ ಸರಿದು, ಪಡುವಲಿಗೆ ಘಟ್ಟದ ಸಾಲುಗಳು ಒಂದರ ಹಿಂದೊಂದು ತೆರೆಯಂತೆ ಕಾಣಿಸಿ ಮರೆಯಾದವು. ನಾನಾದರೋ ಗಡಿಯಾರವನ್ನು ನೋಡುತ್ತಿದ್ದೆ! ಹಿಂದಿನ ಸಲಕ್ಕಿಂತ ಮೂರು ನಿಮಿಷ ತಡವಾಗಿತ್ತು. ಇಳಿಯುವಾಗ ಅದನ್ನು ತುಂಬಿಕೊಳ್ಳಬೇಕೆಂದು, ಒಂದು ತಿರುವಿನಲ್ಲಿ ದಾರಿಯನ್ನು ಬಿಟ್ಟು, ಹುಲ್ಲಿನ ನಡುವೆ ನೆಟ್ಟಗೆ ಇಳಿದಿದ್ದ ಒಂದು ಅಡ್ಡಜಾಡನ್ನು ಹಿಡಿದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಜಾಡಿನ ಮಣ್ಣು ಕುಸಿಯಿತು, ಕಾಲು ಹೊರಳಿತು, ಉರುಳಿ ಉರುಳಿ ಒಂದು ಬಂಡೆಗೆ ತಾಗಿ ನಿಂತೆ. ಏಳಲು ಹೋದರೆ ಪಾದ ನೆಲಕ್ಕೆ ಊರದು. ಅಷ್ಟರಲ್ಲಿ ಮಂಜು ಕವಿದುಕೊಂಡಿತು. ದಾರಿಯನ್ನು ಬಿಡದ ಭಾವಮೈದುನ, ನಾನು ಮುಂದೆ ಹೋಗಿರುವೆನೆಂದೇ ತಿಳಿದು ಕೆಳಕ್ಕೆ ಓಡಿದ್ದ. ಕೂಗಿದೆ, ಗಾಳಿ ಕೂಗನ್ನು ನುಂಗಿತು. ಕೈಯಲ್ಲಿದ್ದ ಮೊಬೈಲಿಗೆ ಸಂಕೇತ ಸಿಗಲಿಲ್ಲ. ಕೆಳಗೆ ನನ್ನ ಹೆಂಡತಿ, ಐದು ವರ್ಷದ ಮಗಳು ತಿಂಡಿಯ ಡಬ್ಬಿ ತೆರೆದು ಕಾದಿರುವರೆಂಬುದು ನೆನಪಾಗಿ ಎದೆ ನಡುಗಿತು. ಮೂರು ನಿಮಿಷದ ಆಸೆಗೆ ನಾನು ಏನನ್ನು ಪಣವಿಟ್ಟಿದ್ದೆ!

ಸುಮಾರು ಒಂದು ಗಂಟೆಯ ಮೇಲೆ ಮಂಜಿನೊಳಗಿಂದ ಕೆಮ್ಮಿದ ಸದ್ದು ಕೇಳಿಸಿತು. ಕಾಫಿ ತೋಟದ ಆಳು, ಹರಕೆಯ ತೆಂಗಿನಕಾಯಿ ಹಿಡಿದು ಗುಡಿಗೆ ಹೊರಟಿದ್ದ ಮುದುಕ. ನನ್ನ ಕೂಗನ್ನು ಕೇಳಿ ಬಂದು, ಹೆಗಲು ಕೊಟ್ಟು ಎಬ್ಬಿಸಿದ. ದಾರಿ ನಾನು ಕುಳಿತಿದ್ದಲ್ಲಿಗೆ ಇಪ್ಪತ್ತೇ ಹೆಜ್ಜೆ! ದಾರಿಗೆ ಮುಟ್ಟಿದ ಮೇಲೆ ಅವನು ಹಿಂದಿರುಗಿ ಆ ಅಡ್ಡಜಾಡನ್ನು ತೋರಿಸಿ, “ಇಲ್ಲಿ ಮೊದಲು ಹುಲ್ಲಿತ್ತು ಸ್ವಾಮಿ. ಒಬ್ಬ ಇಳಿದ, ಅವನ ಹಿಂದೆ ಹತ್ತು ಜನ ಇಳಿದರು, ಆಮೇಲೆ ಮಳೆ ಇಳೀತು,” ಎಂದ. ಬೈಗುಳವಿಲ್ಲ, ಉಪದೇಶವಿಲ್ಲ. ಆದರೂ ಆ ಮಾತು ಕಾಲಿನ ನೋವಿಗಿಂತ ಆಳಕ್ಕೆ ಇಳಿಯಿತು.

ಕೆಳಗೆ ಹೋಗುತ್ತ ನೋಡಿದೆ. ತಿರುವು ತಿರುವಿಗೂ ಅಂಥ ಅಡ್ಡಜಾಡುಗಳು. ಹಾವಿನಂತೆ ಬಳಸಿ ಹೋಗುವ ದಾರಿಯಲ್ಲಿ ನೀರು ನಿಧಾನವಾಗಿ ಹರಿದು ಪಕ್ಕಕ್ಕೆ ಇಂಗುತ್ತದೆ. ನೆಟ್ಟಗೆ ಇಳಿದ ಜಾಡಿನಲ್ಲಿ ಅದು ರಭಸದಿಂದ ಧುಮುಕಿ, ಬೇರು ಕಿತ್ತು, ಮಣ್ಣು ಕೊಚ್ಚಿ, ಕೊರಕಲು ಮಾಡುತ್ತದೆ. ಬೋರೆಯ ಹುಲ್ಲೂ ಶೋಲಾ ಕಾಡೂ ಮಳೆಯನ್ನು ಹೀರಿಕೊಂಡು, ತಿಂಗಳುಗಟ್ಟಲೆ ತೊಟ್ಟಿಕ್ಕಿಸುವ ಕಣಜಗಳು. ಈ ಶ್ರೇಣಿಯಲ್ಲಿ ಹುಟ್ಟುವ ವೇದಾ, ಆವತಿ ಹೊಳೆಗಳು ಕೂಡಿ ವೇದಾವತಿಯಾಗಿ, ಬಯಲುಸೀಮೆಗೆ ಇಳಿದು, ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನು ತುಂಬಬೇಕು. 1933ರಲ್ಲಿ ತುಂಬಿ ಹರಿದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಅಷ್ಟು ಕಾದ ಜನರ ನೀರಿನ ಮೂಲದಲ್ಲಿ ನಿಂತು, ಮೂರು ನಿಮಿಷ ಉಳಿಸಲು ನೆಲವನ್ನು ಕೆಡಿಸುವವನಿಗೆ ಏನನ್ನೋಣ? ಅಡ್ಡದಾರಿ ಎಂಬ ಮಾತಿಗೆ ನಮ್ಮ ಹಿರಿಯರು ಎರಡು ಅರ್ಥವಿಟ್ಟದ್ದು ವೃಥಾ ಅಲ್ಲ.

ನಾಲ್ಕು ತಿಂಗಳ ಮೇಲೆ ಮತ್ತೆ ಹೋದೆ. ಓಟವನ್ನು ನಾನು ಬಿಟ್ಟಿಲ್ಲ. ಬಿಡಬೇಕೆಂದು ಯಾರಿಗೂ ಹೇಳುವುದೂ ಇಲ್ಲ. ಮುಂಜಾವಿನ ತಂಗಾಳಿಯಲ್ಲಿ, ಎಡಬಲಕ್ಕೂ ಕಣಿವೆ ತೆರೆದಿರುವ ಬೋರೆಯ ನೆತ್ತಿಯಲ್ಲಿ ಹೆಜ್ಜೆಗೆ ಹೆಜ್ಜೆ ಕೂಡುವ ಸುಖ ಅನುಭವಿಸಿದವರಿಗೇ ಗೊತ್ತು. ಹೊಸಬರಿಗೆ ನನ್ನ ಬಿನ್ನಹ ಇಷ್ಟೆ: ಅರಣ್ಯ ಇಲಾಖೆಯ ಅನುಮತಿಯ ನಿಯಮವನ್ನು ಮೊದಲೇ ವಿಚಾರಿಸಿರಿ, ಹಿಡಿತವಿರುವ ಅಟ್ಟೆಯ ಬೂಟು, ನೀರು, ಮಳೆಯಂಗಿ, ಒಂದು ಸೀಟಿ ಇರಲಿ, ಜೊತೆಗಾರನನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಿರಿ, ಮಂಜು ಕವಿದರೆ ನಿಲ್ಲಿರಿ, ಎಷ್ಟೇ ಬಳಸಾದರೂ ದಾರಿಯನ್ನು ಬಿಡಬೇಡಿರಿ.

ಈ ಸಲ ಗಡಿಯಾರವನ್ನು ಕೆಳಗೆ ಮಗಳ ಕೈಗೆ ಕಟ್ಟಿ ಹೋಗಿದ್ದೆ. ಶಿಖರದಲ್ಲಿ ಗುಡಿಯ ಜಗಲಿಯ ಮೇಲೆ ಕುಳಿತು, ಪಡುವಲ ಘಟ್ಟದ ಸಾಲುಗಳನ್ನು ಒಂದೊಂದಾಗಿ ಎಣಿಸಿದೆ. ಏಳರವರೆಗೆ ಸ್ಪಷ್ಟ, ಆಮೇಲಿನವು ಆಕಾಶವೋ ಬೆಟ್ಟವೋ ತಿಳಿಯದು. ಇಳಿದು ಬಂದಾಗ ಮಗಳು, “ಅಪ್ಪಾ, ತುಂಬ ಹೊತ್ತು ಮಾಡಿದೆ,” ಎಂದು ಆಕ್ಷೇಪಿಸಿದಳು. ಎಷ್ಟು ಹೊತ್ತೆಂದು ನಾನು ಕೇಳಲಿಲ್ಲ.